ಸಾವಿರ ನೋಡ್‌ಗಳ ಸೆನ್ಸರ್ ಜಾಲಕ್ಕೆ ಮಿಡಲ್‌ವೇರ್ ಕಟ್ಟುವ ಬಗೆ

ನೋಡ್ ಎಂದರೆ ಸೆನ್ಸರ್ ಮತ್ತು ರೇಡಿಯೊ ಇರುವ, ಬ್ಯಾಟರಿಯಲ್ಲಿ ಓಡುವ ಪುಟ್ಟ ಸಾಧನ; ಮಿಡಲ್‌ವೇರ್ ಎಂದರೆ ಅದರ ರೇಡಿಯೊ ಮತ್ತು ಅಪ್ಲಿಕೇಶನ್ ನಡುವೆ ಕೂರುವ ತಂತ್ರಾಂಶ. ಮೊದಲು ಬ್ಯಾಟರಿಯ ಲೆಕ್ಕ ಹಾಕಿ. ಟೆಲೋಸ್‌ಬಿ ಮಾದರಿಯ ನೋಡ್‌ನಲ್ಲಿರುವುದು 10 ಕೆಬಿ ರ‍್ಯಾಮ್, 48 ಕೆಬಿ ಫ್ಲ್ಯಾಶ್, ಎರಡು ಎಎ ಸೆಲ್. ಅದರ ಸಿಸಿ2420 ರೇಡಿಯೊ ಕಳಿಸುವಾಗ 17.4 ಮಿಲಿಆಂಪಿಯರ್ ಎಳೆದರೆ, ಸುಮ್ಮನೆ ಕಿವಿಗೊಟ್ಟು ಕೂತಾಗ 18.8 ಎಳೆಯುತ್ತದೆ. ಸದಾ ಎಚ್ಚರವಿದ್ದರೆ 2,500 ಮಿಲಿಆಂಪಿಯರ್-ಗಂಟೆಯ ಸೆಲ್ ಐದೂವರೆ ದಿನಕ್ಕೆ ಬರಿದು. ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಎಚ್ಚರವಿದ್ದರೆ, ರೇಡಿಯೊ ಖರ್ಚನ್ನಷ್ಟೇ ಎಣಿಸಿ, 18 ತಿಂಗಳು ಬಾಳುತ್ತದೆ.

ಆದ್ದರಿಂದ ಅಪ್ಲಿಕೇಶನ್ ರೇಡಿಯೊವನ್ನು ನೇರವಾಗಿ ಮುಟ್ಟಕೂಡದು. ‘ಈ ಅಳತೆ ಒಂದು ಗಂಟೆಯೊಳಗೆ ತಲುಪಿದರೆ ಸಾಕು’ ಎಂದಷ್ಟೇ ಅದು ಹೇಳಲಿ. ಯಾವಾಗ, ಎಷ್ಟನ್ನು ಕೂಡಿಸಿ ಕಳಿಸಬೇಕೆಂಬುದು ಮಿಡಲ್‌ವೇರ್‌ನ ಕೆಲಸ. ಎಲ್ಲ ನೋಡ್‌ಗಳೂ ಗಂಟೆ ಹೊಡೆದ ಕೂಡಲೇ ಕಳಿಸಿದರೆ ಪ್ಯಾಕೆಟ್‌ಗಳು ಡಿಕ್ಕಿಯಾಗಿ ಸಾಯುತ್ತವೆ. ಪ್ರತಿ ನೋಡ್‌ಗೂ ಬೇರೆ ಬೇರೆ ಯಾದೃಚ್ಛಿಕ ವಿಳಂಬ ಸೇರಿಸಿ.

802.15.4 ಎಂಬ ರೇಡಿಯೊ ಮಾನದಂಡದಲ್ಲಿ ಒಂದು ಫ್ರೇಮ್, ಅಂದರೆ ಒಂದು ಸಲಕ್ಕೆ ಕಳಿಸುವ ಪ್ಯಾಕೆಟ್, ಹೆಚ್ಚೆಂದರೆ 127 ಬೈಟ್. ಹೆಡರ್‌ಗಳು ಕಳೆದು ನಿಮಗೆ 80 ಬೈಟ್ ಸಿಗುತ್ತದೆಂದು ಇಟ್ಟುಕೊಳ್ಳಿ. ಜೇಸನ್‌ನಂಥ ಉದ್ದನೆಯ ಪಠ್ಯರೂಪ ಇಲ್ಲಿ ಬೇಡ. ನೋಡ್ ಸಂಖ್ಯೆಗೆ 2 ಬೈಟ್, ರೀಬೂಟ್ ಎಣಿಕೆಗೆ 2, ಸರಣಿ ಸಂಖ್ಯೆಗೆ 2, ಸಮಯಕ್ಕೆ 4, ಬ್ಯಾಟರಿ ವೋಲ್ಟೇಜಿಗೆ 2, ಆಮೇಲೆ ತಲಾ 2 ಬೈಟಿನ ಅಳತೆಗಳು. ರೀಬೂಟ್ ಎಣಿಕೆಯನ್ನು ಫ್ಲ್ಯಾಶ್‌ನಲ್ಲಿಡಿ. ಅದಿಲ್ಲದಿದ್ದರೆ ನೋಡ್ ಮರುಚಾಲನೆಯಾದಾಗ ಸರಣಿ ಮತ್ತೆ ಸೊನ್ನೆಗೆ ಬರುತ್ತದೆ, ಗೇಟ್‌ವೇ (ಎಲ್ಲ ಅಳತೆಗಳೂ ಬಂದು ಸೇರುವ ಸಾಧನ) ಹೊಸ ಅಳತೆಗಳನ್ನು ಹಳೆಯವೆಂದು ಎಸೆಯುತ್ತದೆ.

ವೋಲ್ಟೇಜಿನ ಆ 2 ಬೈಟ್ ಉಳಿಸಲು ಹೋಗಬೇಡಿ. 2004ರಲ್ಲಿ ಬರ್ಕ್ಲಿಯ ಇಂಟೆಲ್ ಪ್ರಯೋಗಾಲಯದಲ್ಲಿ 54 ನೋಡ್‌ಗಳು ಕಲೆಹಾಕಿದ ದತ್ತಾಂಶದಲ್ಲಿ, ಸೆಲ್ ಬತ್ತಿದ ನೋಡ್‌ಗಳು ಕೋಣೆಯ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟಿದೆಯೆಂದು ತೋರಿಸಿವೆ. ಸಾಯುವ ನೋಡ್ ಮೌನವಾಗುವುದಕ್ಕೆ ಮುಂಚೆ ಸುಳ್ಳು ಹೇಳುತ್ತದೆ; ವೋಲ್ಟೇಜ್ ಜೊತೆಗಿದ್ದರೆ ಅಂಥ ಅಳತೆಗಳನ್ನು ಗೇಟ್‌ವೇಯಲ್ಲೇ ಗುರುತು ಹಾಕಬಹುದು.

ಅಳತೆಗಳನ್ನು ಗೇಟ್‌ವೇ ತಲುಪುವ ಮುಂಚೆ, ದಾರಿಯ ನೋಡ್‌ಗಳಲ್ಲೇ ಒಟ್ಟುಗೂಡಿಸುವುದು ಎಚ್ಚರ ಬೇಡುವ ಭಾಗ. ಸರಾಸರಿಗಳ ಸರಾಸರಿ ತಪ್ಪು ಉತ್ತರ ಕೊಡುತ್ತದೆ, ಹಾಗಾಗಿ ಮೊತ್ತ ಮತ್ತು ಎಣಿಕೆ ಎರಡನ್ನೂ ಮೇಲಕ್ಕೆ ಸಾಗಿಸಿ. ಇದಕ್ಕಿಂತ ಕಾಡುವುದು ನಕಲು: ‘ತಲುಪಿತು’ ಎಂಬ ಸ್ವೀಕೃತಿ ಕಳೆದುಹೋದರೆ ನೋಡ್ ಅದೇ ಅಳತೆಯನ್ನು ಮುಂದಕ್ಕೆ ಸಾಗಿಸುವ ಇನ್ನೊಂದು ಪೋಷಕ ನೋಡ್‌ಗೂ ಕಳಿಸುತ್ತದೆ, ಮೊತ್ತದಲ್ಲಿ ಅದು ಎರಡು ಸಲ ಸೇರುತ್ತದೆ, ಒಮ್ಮೆ ಬೆರೆತದ್ದನ್ನು ತೆಗೆಯಲಾಗದು. ಗರಿಷ್ಠ, ಕನಿಷ್ಠಗಳಿಗೆ ನಕಲಿನ ಬಾಧೆಯಿಲ್ಲ. ಎಚ್ಚರಿಕೆ ಕೊಡಲು ಬೇಕಾದ ಗರಿಷ್ಠವನ್ನು ದಾರಿಯಲ್ಲೇ ಲೆಕ್ಕ ಹಾಕಿ. ನಿಖರ ಮೊತ್ತ ಬೇಕಿದ್ದಲ್ಲಿ ಕಚ್ಚಾ ಅಳತೆಗಳನ್ನೇ ತಂದು, ನೋಡ್-ರೀಬೂಟ್-ಸರಣಿ ನೋಡಿ ನಕಲು ಕಿತ್ತುಹಾಕಿ.

ಹೊಸ ಸೆಟ್ಟಿಂಗನ್ನು ಎಲ್ಲ ನೋಡ್‌ಗಳಿಗೂ ಹರಡಲು ಟ್ರಿಕಲ್ ಎಂಬ ವಿಧಾನ ಬಳಸಿ. ನೋಡ್ ತನ್ನ ಆವೃತ್ತಿ ಸಂಖ್ಯೆಯನ್ನು ಮೊದಲು 1 ಸೆಕೆಂಡಿನ ಅವಧಿಯಲ್ಲಿ ಸಾರುತ್ತದೆ, ಅವಧಿ ಇಮ್ಮಡಿಯಾಗುತ್ತಾ ಹತ್ತು ಸಲಕ್ಕೆ 1,024 ಸೆಕೆಂಡು ಮುಟ್ಟುತ್ತದೆ. ನೆರೆಯ ಇಬ್ಬರು ಅದೇ ಆವೃತ್ತಿ ಹೇಳಿದ್ದು ಕೇಳಿಸಿದರೆ ಆ ಸುತ್ತಿನಲ್ಲಿ ಸುಮ್ಮನಿರುತ್ತದೆ. ಬೇರೆ ಆವೃತ್ತಿ ಕೇಳಿದೊಡನೆ ಮತ್ತೆ 1 ಸೆಕೆಂಡಿಗೆ ಇಳಿಯುತ್ತದೆ.

ನಿದ್ರೆಯ ವೇಳಾಪಟ್ಟಿಗೆ ಗಡಿಯಾರದ ತಪ್ಪನ್ನೂ ಕೂಡಿಸಿ. ಪ್ರತಿ ನೋಡ್‌ನ ಗಡಿಯಾರ ನಡೆಸುವ ಹರಳು ಹತ್ತು ಲಕ್ಷಕ್ಕೆ 20ರಷ್ಟು ಹಿಂದೆ ಇಲ್ಲವೇ ಮುಂದೆ ತಪ್ಪಿದರೆ ಎರಡು ನೋಡ್‌ಗಳ ನಡುವೆ 10 ನಿಮಿಷದಲ್ಲಿ 24 ಮಿಲಿಸೆಕೆಂಡ್ ಅಂತರ ಬೀಳಬಹುದು. ಅಷ್ಟು ಮುಂಚೆ ರೇಡಿಯೊ ಏಳಬೇಕು. ಒಂದು ನೋಡ್ ಬಿಸಿಲಲ್ಲಿ, ಇನ್ನೊಂದು ನೆರಳಲ್ಲಿ ಇದ್ದರೆ ಅಂತರ ಇನ್ನೂ ಹಿಗ್ಗುತ್ತದೆ.

ದೂರದಿಂದ ಪ್ರೋಗ್ರಾಂ ಬದಲಿಸುವುದಾದರೆ ಹೊಸದನ್ನು ಪ್ರತ್ಯೇಕ ಜಾಗಕ್ಕೆ ಇಳಿಸಿ, ಚೆಕ್‌ಸಮ್ (ದತ್ತಾಂಶ ಕೆಡದೆ ಬಂದಿದೆಯೇ ಎಂದು ತೋರುವ ಸಂಖ್ಯೆ) ಹೊಂದಿದ ಮೇಲಷ್ಟೇ ಚಾಲೂ ಮಾಡಿ. ನಿಗದಿತ ಹೊತ್ತಿನೊಳಗೆ ಗೇಟ್‌ವೇ ಜೊತೆ ಸಂಪರ್ಕ ಸಿಗದಿದ್ದರೆ ವಾಚ್‌ಡಾಗ್ (ನೋಡ್ ಕೆಟ್ಟು ನಿಂತಾಗ ಅದನ್ನು ಮರುಚಾಲನೆ ಮಾಡುವ ಕಾವಲು ಟೈಮರ್) ಹಳೆಯದಕ್ಕೆ ಮರಳಿಸಲಿ. ಮೊದಲು ಕೈಗೆಟಕುವ ಹತ್ತು ನೋಡ್‌ಗಳಲ್ಲಿ ಇದನ್ನು ಓಡಿಸಿ ನೋಡಿ.