ಹಳೆಯ ಇಟಾಲಿಯನ್ ಪ್ರೇಮ-ಹಾಸ್ಯ ಚಿತ್ರ ನೋಡುವಾಗ: ಮುಖ ಯಾರದು, ದನಿ ಯಾರದು?

ಐವತ್ತು-ಅರವತ್ತರ ದಶಕದ ಯೂರೋಪಿನ ಪ್ರೇಮ-ಹಾಸ್ಯ ಚಿತ್ರಗಳಲ್ಲಿ ಯಾರನ್ನು ಹೇಗೆ ತೋರಿಸಿದ್ದಾರೆ ಅಂತ ನೋಡಲು ಬರೀ ಮೈಬಣ್ಣ ಗಮನಿಸಿದರೆ ಸಾಲದು. ಇಟಲಿಯಲ್ಲಂತೂ ದೊಡ್ಡ ಗೆರೆ ಇದ್ದದ್ದು ಉತ್ತರ ಮತ್ತು ದಕ್ಷಿಣದ ನಡುವೆ. ಗೆಳತಿಯರನ್ನು ಕೂರಿಸಿಕೊಂಡು ಇಂಥ ಸಿನಿಮಾ ಹಾಕುವಾಗ ನಾನು ಹೇಳಿಕೊಡುವ ಕ್ರಮ ಇದು.

ಮೊದಲ ಸಲ ಸುಮ್ನೆ ನಗುತ್ತಾ ನೋಡಿ. ಎರಡನೇ ಸಲ ರಿಮೋಟ್ ಕೈಯಲ್ಲಿರಲಿ.

ಶುರುವಿಗೆ ‘ಪಾನೆ, ಅಮೋರೆ ಎ ಫಾಂತಾಸಿಯಾ’ (1953), ಅಂದರೆ ‘ಬ್ರೆಡ್, ಪ್ರೇಮ ಮತ್ತು ಕಲ್ಪನೆ’, ಒಳ್ಳೆಯದು. ಜೀನಾ ಲೊಲ್ಲೊಬ್ರಿಜಿಡಾ ಕತ್ತೆ ಜೊತೆ ಓಡಾಡುವ ಬಡ ಹುಡುಗಿ, ವಿತ್ತೋರಿಯೊ ಡಿ ಸಿಕಾ ಊರಿಗೆ ಹೊಸದಾಗಿ ಬಂದ ಪೊಲೀಸ್ ಅಧಿಕಾರಿ. ಬ್ರೆಡ್ ತಿನ್ನುತ್ತಿರುವ ಒಬ್ಬನನ್ನು ಅಧಿಕಾರಿ ಕೇಳುತ್ತಾನೆ, ಒಳಗೆ ಏನಿಟ್ಟಿದ್ದೀಯ ಅಂತ. ‘ಕಲ್ಪನೆ’ ಅನ್ನುತ್ತಾನೆ ಅವನು. ಅಲ್ಲಿ ನಿಲ್ಲಿಸಿ. ಹಸಿವು ಜೋಕ್ ಆಗಿಬಿಟ್ಟಿದೆ, ಅಲ್ವಾ? ಯುದ್ಧ ಮುಗಿದು ಆಗಿನ್ನೂ ಎಂಟು ವರ್ಷ. ಸೂಲಗಿತ್ತಿಯ ಪಾತ್ರವನ್ನೂ ಬಿಡಬೇಡಿ: ಮದುವೆಯಾಗದೆ ತಾಯಿಯಾದವಳನ್ನು ಈ ಚಿತ್ರ ಹೀಯಾಳಿಸುವುದಿಲ್ಲ.

ಆಮೇಲೆ ದನಿ. ಆಗಿನ ಇಟಲಿಯಲ್ಲಿ ಮಾತನ್ನು ಶೂಟಿಂಗ್ ಮುಗಿದ ಮೇಲೆ ಕೂರಿಸುತ್ತಿದ್ದರು. ಹಾಗಾಗಿ ಪರದೆಯ ಮೇಲಿನವರ ಬಾಯಿಗೆ ಬೇರೆಯವರ ದನಿ ಇರುವುದು ಮಾಮೂಲು. ಮಾರಿಯೊ ಮೊನಿಚೆಲ್ಲಿಯ ‘ಇ ಸೊಲಿತಿ ಇಞೋತಿ’ (1958) ಕಳ್ಳರ ಹಾಸ್ಯ, ಆದರೆ ಅದರೊಳಗೊಂದು ಪ್ರೇಮಕಥೆ ಇದೆ. ತಂಗಿಯನ್ನು ಮನೆಯಲ್ಲಿ ಕೂಡಿಹಾಕುವ, ಇಟಲಿಯ ದಕ್ಷಿಣದ ದ್ವೀಪ ಸಿಸಿಲಿಯ ಅಣ್ಣನಾಗಿ ನಟಿಸಿದ ತಿಬೇರಿಯೊ ಮುರ್ಜಿಯಾ ಸಿಸಿಲಿಯವರೇ ಅಲ್ಲ, ಸಾರ್ಡೀನಿಯಾ ಅನ್ನುವ ಇನ್ನೊಂದು ದ್ವೀಪದವರು. ರೋಮ್‌ನ ಹೋಟೆಲಲ್ಲಿ ಪಾತ್ರೆ ತೊಳೆಯುತ್ತಿದ್ದವರನ್ನು ಕರೆತಂದು, ಇನ್ನೊಬ್ಬರ ದನಿ ಕೊಟ್ಟು, ‘ಸಿಸಿಲಿಯವನು’ ಮಾಡಿದರು. ತಂಗಿಯಾಗಿ ನಟಿಸಿದ ಕ್ಲೌಡಿಯಾ ಕಾರ್ಡಿನಾಲೆ ಹುಟ್ಟಿದ್ದು ಉತ್ತರ ಆಫ್ರಿಕಾದ ಟ್ಯೂನಿಸ್‌ನಲ್ಲಿ. ಅವರ ದನಿಯೂ ಎರವಲು. ಹೀಗಾಗಿ ತುಟಿ ನೋಡಿ, ಸಬ್‌ಟೈಟಲ್ ಆಮೇಲೆ. ಜೊತೆಗೆ ನಟರ ಹುಟ್ಟೂರು ಬರೆದಿಟ್ಟುಕೊಳ್ಳಿ. ಹತ್ತು ನಿಮಿಷದ ಕೆಲಸ. ಧಾರವಾಡದ ಮಾತು ನಮ್ಮ ಸಿನಿಮಾಗಳಲ್ಲಿ ಎಷ್ಟು ಸಲ ಬರೀ ನಗಿಸಲಿಕ್ಕೆ ಬಂದಿದೆ ಅಂತ ಗೊತ್ತಿರುವವರಿಗೆ ಇದು ಬೇಗ ಹಿಡಿಸುತ್ತದೆ.

ಹುಟ್ಟೂರಿನ ಪಟ್ಟಿ ಜಾಸ್ತಿ ಕೆಲಸಕ್ಕೆ ಬರುವುದು ಪಿಯೆತ್ರೊ ಜೆರ್ಮಿಯ ‘ದಿವೋರ್ತ್ಸಿಯೊ ಆಲ್ ಇತಾಲಿಯಾನಾ’ (1961), ಅಂದರೆ ‘ಇಟಾಲಿಯನ್ ಶೈಲಿಯ ವಿಚ್ಛೇದನ’, ನೋಡುವಾಗ. ಕಥೆ ಸಿಸಿಲಿಯದು, ನಿರ್ದೇಶಕ ಉತ್ತರದ ಜಿನೋವಾದವರು. ಕಥಾನಾಯಕ ಒಬ್ಬ ಬಾರನ್, ಅಂದರೆ ಕುಲೀನ ಮನೆತನದವನು. ಅವನಿಗೆ ಬೇಡವಾದ ಹೆಂಡತಿಯಾಗಿ ದಾನಿಯೇಲಾ ರೊಕ್ಕಾ ಇದ್ದಾರೆ. ಸಿಸಿಲಿಯ ಅಚಿರೆಯಾಲೆಯ ಈ ಚೆಲುವೆಗೆ ಮೀಸೆ ಅಂಟಿಸಿ, ಹುಬ್ಬು ಕೂಡಿಸಿ ಕುರೂಪ ಮಾಡಿದ್ದಾರೆ. ಬಾರನ್ ಮೋಹಿಸುವ ಹುಡುಗಿ ಸ್ತೆಫಾನಿಯಾ ಸಾಂದ್ರೆಲ್ಲಿ ಮಧ್ಯ ಇಟಲಿಯ ತೊಸ್ಕಾನಾದವರು. ನನಗಿದು ಬರೀ ಆಕಸ್ಮಿಕ ಅನ್ನಿಸುವುದಿಲ್ಲ.

ಜೊತೆಗೆ ಆಗಿನ ಕಾನೂನು ಗೊತ್ತಿರಲಿ. ಇಟಲಿಯಲ್ಲಿ ವಿಚ್ಛೇದನ ಬಂದದ್ದು 1970ರಲ್ಲಿ. ದಂಡಸಂಹಿತೆಯ 587ನೇ ಕಲಮಿನ ಪ್ರಕಾರ ‘ಮರ್ಯಾದೆ’ಗಾಗಿ ಹೆಂಡತಿಯನ್ನು ಕೊಂದವನಿಗೆ ಮೂರರಿಂದ ಏಳು ವರ್ಷ, ಅಷ್ಟೇ. ಅದು 1981ರವರೆಗೆ ಇತ್ತು. ಇದು ತಿಳಿದಿದ್ದರೆ, ಹೆಂಡತಿಗೆ ತಾನೇ ಪ್ರಿಯಕರನನ್ನು ಹುಡುಕಿಕೊಡುವ ಬಾರನ್‌ನ ಲೆಕ್ಕಾಚಾರ ಅರ್ಥವಾಗುತ್ತದೆ. ಇಲ್ಲಿ ಸಿಸಿಲಿಯ ಗಂಡಸರನ್ನು ನೋಡಿ ನಗಬೇಕೋ, ರೋಮ್‌ನಲ್ಲಿ ಬರೆದ ಕಾನೂನನ್ನು ನೋಡಿ ನಗಬೇಕೋ? ಗೆಳತಿಯರು ಜಗಳಕ್ಕೆ ಬೀಳುವುದು ಇಲ್ಲೇ. ಬೀಳಲಿ ಬಿಡಿ.

ನೋಡುವ ಕ್ರಮ ಮಾತ್ರ ಬದಲಿಸಬೇಡಿ. ಜೆರ್ಮಿಯನ್ನು ಮೊದಲು ನೋಡಿದರೆ ಉಳಿದೆರಡು ಸಪ್ಪೆ ಅನ್ನಿಸುತ್ತವೆ.