ಫಲಪುಷ್ಪ ಪ್ರದರ್ಶನಕ್ಕೆ ಹಿತ್ತಲ ತರಕಾರಿಯನ್ನು ಅಣಿಗೊಳಿಸುವ ಬಗೆ

ಫಲಪುಷ್ಪ ಪ್ರದರ್ಶನಗಳ ತರಕಾರಿ ವಿಭಾಗಕ್ಕೆ ಹೊಸದಾಗಿ ಹೆಸರು ಕೊಡುವವರು ಸಾಮಾನ್ಯವಾಗಿ ತಮ್ಮ ಹಿತ್ತಲಿನಲ್ಲಿ ಬಿಟ್ಟ ಅತಿ ದೊಡ್ಡ ಕಾಯನ್ನೇ ಕಿತ್ತುಕೊಂಡು ಬರುತ್ತಾರೆ, ಮತ್ತು ಬಹುಮಾನ ಪಕ್ಕದ ತಟ್ಟೆಯ ಸಾಧಾರಣ ಗಾತ್ರದ ಕಾಯಿಗಳಿಗೆ ಹೋದಾಗ ಬೇಸರಪಡುತ್ತಾರೆ. ತೂಕಕ್ಕೇ ಮೀಸಲಾದ ಕುಂಬಳ, ಸುವರ್ಣಗಡ್ಡೆಯಂಥ ವಿಭಾಗಗಳನ್ನು ಬಿಟ್ಟರೆ ಉಳಿದೆಡೆ ತೀರ್ಪುಗಾರರು ನೋಡುವುದು ಒಂದೇ ಸಮನಾದ ಗಾತ್ರ, ಆಯಾ ತಳಿಗೆ ತಕ್ಕ ಆಕಾರ ಮತ್ತು ಬಣ್ಣ, ಎಳಸುತನ, ಗಾಯ ಹಾಗೂ ಹುಳುಕುಗಳಿಲ್ಲದ ಮೈ, ಇವುಗಳನ್ನು. ಬೆಂಗಳೂರಿನಲ್ಲಿ ತೋಟಗಾರಿಕೆ ಇಲಾಖೆಯೂ 1912ರಲ್ಲಿ ಹುಟ್ಟಿದ ಮೈಸೂರು ಉದ್ಯಾನ ಕಲಾ ಸಂಘವೂ ಕೂಡಿ ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ ಪ್ರದರ್ಶನ ನಡೆಸುತ್ತವೆ. ಜಿಲ್ಲಾ ಕೇಂದ್ರಗಳಲ್ಲಿ ಚಳಿಗಾಲದ ಹೊತ್ತಿಗೆ ಇಂಥ ಮೇಳಗಳು ಸಾಲಾಗಿ ಬರುತ್ತವೆ. ನಿಯಮಗಳು ಊರಿಂದೂರಿಗೆ ಬೇರೆಯಾದರೂ ತರಕಾರಿಯನ್ನು ಅಣಿಗೊಳಿಸುವ ಕ್ರಮ ಮಾತ್ರ ಎಲ್ಲ ಕಡೆಯೂ ಒಂದೇ.

ಅರ್ಜಿಯ ಜೊತೆಗೆ ಕೊಡುವ ನಿಯಮಗಳ ಹಾಳೆಯನ್ನು ಬಿತ್ತನೆಗೆ ಮೊದಲೇ ತರಿಸಿಕೊಂಡು ಓದಬೇಕು. ಬೆಂಡೆ ಎಷ್ಟಿರಬೇಕು, ಸೊಪ್ಪು ಕಟ್ಟೋ ತೂಕವೋ, ಮೂಲಂಗಿಗೆ ಎಲೆ ಇರಬೇಕೋ ಬೇಡವೋ ಎಂಬುದನ್ನೆಲ್ಲ ಅದರಲ್ಲಿ ಬರೆದಿರುತ್ತಾರೆ. ಹತ್ತು ಎಂದಲ್ಲಿ ಹನ್ನೊಂದನ್ನು ಇಟ್ಟ ತಟ್ಟೆ ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಕಠಿಣ ಎಂದು ಗೊಣಗುವವರು ಪ್ರತಿ ವರ್ಷವೂ ಇರುತ್ತಾರೆ, ಆದರೆ ಅಷ್ಟು ತಟ್ಟೆಗಳನ್ನು ಹೋಲಿಸಿ ನೋಡಬೇಕಾದವರಿಗೆ ಬೇರೆ ದಾರಿ ಇಲ್ಲ.

ದಿನಾಂಕ ಗೊತ್ತಾದ ಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬಿತ್ತಬೇಕು. ಬೆಂಡೆ ಬಿತ್ತಿದ 45ರಿಂದ 50 ದಿನಕ್ಕೆ ಮೊದಲ ಕೊಯ್ಲಿಗೆ ಬರುತ್ತದೆ, ಚಳಿ ಹೆಚ್ಚಿದ್ದರೆ ಇನ್ನೊಂದು ವಾರ ಹಿಡಿಯುತ್ತದೆ. ಆದ್ದರಿಂದ ಜನವರಿ 26ರ ಆಸುಪಾಸಿನ ಪ್ರದರ್ಶನಕ್ಕೆ ನವೆಂಬರ್ ಕೊನೆಯ ವಾರದ ಬಿತ್ತನೆ ಸರಿಹೋಗುತ್ತದೆ. ಮೂಲಂಗಿಗೆ ಡಿಸೆಂಬರ್ ನಡುವಿನ ಬಿತ್ತನೆ ಸಾಕು, ಕ್ಯಾರೆಟ್‌ಗೆ ಅಕ್ಟೋಬರ್ ನಡುವಿನಲ್ಲೇ ಮಡಿ ಸಿದ್ಧವಾಗಬೇಕು, ಟೊಮೆಟೊ ಸಸಿಮಡಿಯಲ್ಲಿ ಒಂದು ತಿಂಗಳು ಮತ್ತು ನಾಟಿಯ ನಂತರ ಎರಡು ತಿಂಗಳಿಗೂ ಮೇಲೆ ಕೇಳುವುದರಿಂದ ಅದೂ ಅಕ್ಟೋಬರ್ ಮೊದಲಲ್ಲೇ ಮಣ್ಣು ಸೇರಬೇಕು. ಮಳೆ ಚಳಿಗಳು ನಮ್ಮ ಲೆಕ್ಕವನ್ನು ಕೇಳುವುದಿಲ್ಲವಾದ್ದರಿಂದ ಒಂದೇ ಸಲ ಎಲ್ಲವನ್ನೂ ಬಿತ್ತದೆ ಹತ್ತು ದಿನಗಳ ಅಂತರದಲ್ಲಿ ಮೂರು ಪಾತಿಗಳನ್ನು ಮಾಡಿಕೊಂಡರೆ ಯಾವುದಾದರೊಂದು ಪಾತಿ ಸರಿಯಾದ ಹೊತ್ತಿಗೆ ಕೈಗೆ ಬರುತ್ತದೆ, ಉಳಿದೆರಡು ಸಾರಿಗಾಗುತ್ತವೆ.

ಗಿಡದಲ್ಲಿರುವಾಗ ಮಾಡುವ ಆರೈಕೆಯೇ ಈ ಕೆಲಸದ ಮುಕ್ಕಾಲು ಪಾಲು. ಕಿತ್ತ ಮೇಲೆ ಕಾಯಿಯನ್ನು ಚೆಂದ ಮಾಡುವ ವಿದ್ಯೆ ಯಾವುದೂ ಇಲ್ಲ. ಪಡವಲಕಾಯಿಯನ್ನು ಎತ್ತರದ ಚಪ್ಪರಕ್ಕೆ ಹಬ್ಬಿಸಿ, ಹೀಚು ಬೆರಳುದ್ದ ಆದೊಡನೆ ಅದರ ತುದಿಗೆ ಬಾಳೆನಾರಿನಿಂದ ಸಣ್ಣ ಕಲ್ಲೊಂದನ್ನು ಕಟ್ಟುವುದು ಹಳೆಯ ಪದ್ಧತಿ, ಇಂದಿಗೂ ಅದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ. ಕಲ್ಲು ಭಾರವಾದರೆ ಹೀಚು ತೊಟ್ಟಿನಲ್ಲೇ ಕಳಚುತ್ತದೆ, ಹಗುರವಾದರೆ ಕಾಯಿ ಸುರುಳಿ ಬೀಳುತ್ತದೆ. ಮೊದಲು ಅಡಕೆ ಗಾತ್ರದ್ದನ್ನು ಕಟ್ಟಿ, ಕಾಯಿ ಮೊಳದುದ್ದವಾದಾಗ ಬದಲಿಸಿದರೆ ಎರಡೂ ತೊಂದರೆ ಇಲ್ಲ. ಹೀರೆ, ಸೋರೆಗಳಿಗೆ ಕಲ್ಲು ಬೇಕಿಲ್ಲ, ಚಪ್ಪರದಿಂದ ಅಡ್ಡಿಯಿಲ್ಲದೆ ಜೋತಾಡಲು ಜಾಗವಿದ್ದರೆ ತಾವಾಗಿಯೇ ನೆಟ್ಟಗಾಗುತ್ತವೆ. ಹಾಗಲ, ಹೀರೆ, ಪಡವಲಗಳ ಹೀಚಿಗೆ ಹಣ್ಣುನೊಣ ಚುಚ್ಚಿದರೆ ಆ ಜಾಗ ಡೊಂಕಾಗಿ ಒಳಗೆ ಹುಳುವಾಗುತ್ತದೆ, ಆದ್ದರಿಂದ ಹೂವು ಬಾಡಿದ ಕೂಡಲೇ ಹಳೆಯ ಪತ್ರಿಕೆಯ ಕೊಳವೆ ಮಾಡಿ ತೊಡಿಸಬೇಕು. ನೆಲದ ಮೇಲೆ ಬಿಡುವ ಕುಂಬಳದ ಕೆಳಗೆ ಒಣಹುಲ್ಲನ್ನೋ ಹಂಚಿನ ಚೂರನ್ನೋ ಇಟ್ಟರೆ ಅಡಿಭಾಗ ಕೊಳೆಯುವುದಿಲ್ಲ, ಬಳ್ಳಿಗೆ ಎರಡು ಕಾಯಿ ಮಾತ್ರ ಉಳಿಸಿದರೆ ಅವು ಚೆನ್ನಾಗಿ ತುಂಬಿಕೊಳ್ಳುತ್ತವೆ.

ಟೊಮೆಟೊ ಒಡೆಯುವುದಕ್ಕೂ ಅದರ ತಳ ಕಪ್ಪಾಗುವುದಕ್ಕೂ ಬಹುಪಾಲು ಕಾರಣ ನೀರಿನ ಏರುಪೇರು. ನಾಲ್ಕು ದಿನ ಒಣಗಿಸಿ ಐದನೆಯ ದಿನ ತೊಟ್ಟಿಗಟ್ಟಲೆ ಸುರಿಯುವವರ ಗಿಡದಲ್ಲಿ ಪ್ರದರ್ಶನಕ್ಕೆ ತಕ್ಕ ಹಣ್ಣು ಸಿಗುವುದು ಕಷ್ಟ. ಬುಡಕ್ಕೆ ತರಗೆಲೆ ಮುಚ್ಚಿ, ದಿನವೂ ಒಂದೇ ಹದದಲ್ಲಿ ತೇವ ಇರುವಂತೆ ನೋಡಿಕೊಳ್ಳಬೇಕು. ಕ್ಯಾರೆಟ್ ಮತ್ತು ಮೂಲಂಗಿ ಕವಲೊಡೆಯುವುದು ಹಸಿ ಗೊಬ್ಬರದಿಂದ, ಕಲ್ಲಿನಿಂದ. ಮಡಿಯನ್ನು ಒಂದು ಅಡಿ ಆಳಕ್ಕೆ ಸಡಿಲಿಸಿ, ಜರಡಿಯಾಡಿದ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನಷ್ಟೇ ಬೆರೆಸಬೇಕು, ಮತ್ತು ಕ್ಯಾರೆಟ್ಟಿನ ಹೆಗಲು ಮಣ್ಣಿನಿಂದ ಮೇಲೆ ಕಂಡರೆ ಹಸಿರಾಗುವುದರಿಂದ ಆಗಾಗ ಮಣ್ಣೇರಿಸಬೇಕು. ಹೂಕೋಸಿನ ಹೂವು ನಿಂಬೆ ಗಾತ್ರಕ್ಕೆ ಬಂದಾಗ ಅದರದೇ ಹೊರ ಎಲೆಗಳನ್ನು ಮೇಲೆ ಸೇರಿಸಿ ನಾರಿನಿಂದ ಕಟ್ಟಿದರೆ ಬಿಸಿಲು ಬೀಳದೆ ಬೆಳ್ಳಗೆ ಉಳಿಯುತ್ತದೆ. ಒಳಗೆ ಹುಳು ಸೇರಿರಬಹುದಾದ್ದರಿಂದ ಎರಡು ದಿನಕ್ಕೊಮ್ಮೆ ಬಿಚ್ಚಿ ನೋಡಬೇಕು.

ಆರಿಸುವಾಗ ಅತಿ ಚೆಂದದ ಒಂದು ಕಾಯಿಯನ್ನು ಕೈಯಲ್ಲಿ ಹಿಡಿದು ಅದಕ್ಕೆ ಜೋಡಿ ಹುಡುಕಲು ಹೊರಟರೆ ಜೋಡಿ ಸಿಗುವುದಿಲ್ಲ. ಬೇಕಾದದ್ದಕ್ಕಿಂತ ಎರಡು ಪಟ್ಟು ಕಾಯಿಗಳನ್ನು ಬಿಳಿ ಬಟ್ಟೆಯ ಮೇಲೆ ಉದ್ದಕ್ಕೆ ಸಾಲಾಗಿಟ್ಟು, ಯಾವ ಅಳತೆಯವು ಹೆಚ್ಚು ಇವೆಯೋ ಅದನ್ನೇ ಮಾದರಿಯಾಗಿ ಹಿಡಿದು, ಅದಕ್ಕೆ ಹೊಂದದ ದೊಡ್ಡದನ್ನೂ ಚಿಕ್ಕದನ್ನೂ ಒಂದೊಂದಾಗಿ ತೆಗೆಯುತ್ತಾ ಬರಬೇಕು. ಆ ದೊಡ್ಡ ಕಾಯಿಯನ್ನು ತೆಗೆಯುವಾಗ ಮನೆಮಂದಿಯೆಲ್ಲ ಅಯ್ಯೋ ಎನ್ನುತ್ತಾರೆ. ತೆಗೆಯಲೇಬೇಕು, ಏಕೆಂದರೆ ತಟ್ಟೆಯಲ್ಲಿ ಅದೊಂದು ಉಳಿದರೆ ಮಿಕ್ಕವೆಲ್ಲ ಬೆಳೆಯದವುಗಳಂತೆ ಕಾಣುತ್ತವೆ.

ಬೆಂಡೆಯನ್ನು ಹೂವು ಅರಳಿದ ಆರೇಳು ದಿನಕ್ಕೆ ಕತ್ತರಿಯಿಂದ ಅರ್ಧ ಅಂಗುಲ ತೊಟ್ಟು ಬಿಟ್ಟು ಕೊಯ್ಯಬೇಕು. ಅದರ ಮೈಮೇಲಿನ ಸಣ್ಣ ರೋಮಗಳು ಸವೆಯದಂತೆ ತೊಟ್ಟನ್ನೇ ಹಿಡಿಯಬೇಕು, ಎಳಸೇ ಎಂದು ತಿಳಿಯಲು ಅದೇ ದಿನ ಕೊಯ್ದ ಅದೇ ಅಳತೆಯ ಇನ್ನೊಂದು ಕಾಯಿಯ ತುದಿಯನ್ನು ಮುರಿದು ನೋಡಬೇಕು. ಲಟ್ಟನೆ ಮುರಿದರೆ ಸರಿ, ಬಾಗಿದರೆ ನಾರು ಬಂದಿದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ ಹಳದಿ ನಂಜು ರೋಗವನ್ನು ತಡೆಯುವುದರಿಂದ ಕಾಯಿಗಳು ಬಣ್ಣಗೆಡದೆ ಹಸಿರಾಗಿ ಬರುತ್ತವೆ, ಮನೆಯ ತೋಟಕ್ಕೆ ಅದು ಒಳ್ಳೆಯ ಆಯ್ಕೆ. ಬದನೆಯಲ್ಲಿ ಮೈಯ ಹೊಳಪೇ ಮುಖ್ಯ ಗುರುತು: ಮಂಕಾದ ಬದನೆಯೊಳಗೆ ಬೀಜ ಬಲಿತಿರುತ್ತದೆ. ತೊಟ್ಟಿನ ಬುಡದ ಟೊಪ್ಪಿಗೆಯಂಥ ಭಾಗ ಹಸಿರಾಗಿ, ಕಾಯಿಗೆ ಅಂಟಿಕೊಂಡಂತೆ ಇರಬೇಕು, ಅದರ ಮುಳ್ಳುಗಳನ್ನು ಚುಚ್ಚುತ್ತವೆಂದು ಸವರಬಾರದು. ಹುರುಳಿಕಾಯಿಯನ್ನು ಬೀಜ ಉಬ್ಬಿ ಹೊರಗೆ ಕಾಣುವ ಮೊದಲೇ ಬಿಡಿಸಬೇಕು, ತೀರ್ಪುಗಾರರು ಒಂದನ್ನು ಮುರಿದು ನೋಡುವುದುಂಟು. ಟೊಮೆಟೊವನ್ನು ತೊಟ್ಟಿನ ನಕ್ಷತ್ರ ಸಮೇತ, ಬಣ್ಣ ತಿರುಗಲು ತೊಡಗಿದಾಗಲೇ ಬಿಡಿಸಿ ಮನೆಯ ನೆರಳಿನಲ್ಲಿ ಒಟ್ಟಿಗೆ ಹಣ್ಣಾಗಿಸಿದರೆ ಎಲ್ಲಕ್ಕೂ ಒಂದೇ ಕೆಂಪು ಬರುತ್ತದೆ. ಸೆಕೆ 30 ಡಿಗ್ರಿ ದಾಟಿದ ಕಡೆ ಇಟ್ಟರೆ ಕೆಂಪು ಸರಿಯಾಗಿ ಕೂಡದೆ ಹಳದಿ ಮಿಶ್ರವಾಗುತ್ತದೆ.

ಜನವರಿಯ ಪ್ರದರ್ಶನಕ್ಕೆ ಅವರೆಕಾಯಿ ಒಯ್ಯುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅವರೆಯ ಸೊಗಡು ಇರುವುದು ಸಿಪ್ಪೆಯ ಮೇಲಿನ ಜಿಡ್ಡಿನಲ್ಲಿ, ಆದ್ದರಿಂದ ಅದನ್ನು ತೊಳೆಯಲೂ ಬಾರದು, ಬಟ್ಟೆಯಿಂದ ಒರೆಸಲೂ ಬಾರದು. ಇಬ್ಬನಿ ಬೀಳುವ ದಿನಗಳಲ್ಲಿ ಬೆಳಗಿನ ಜಾವ ಬಿಡಿಸಿ, ನೆರಳಿನಲ್ಲಿ ಮೊರದ ಮೇಲೆ ಹರಡಿ ಇಬ್ಬನಿಯ ಪಸೆ ಆರಿದ ಮೇಲೆ ಬುಟ್ಟಿಗೆ ಹಾಕಿದರೆ ಮೇಜಿನ ಮುಂದೆ ನಿಂತವರಿಗೆ ಪರಿಮಳವೇ ಮೊದಲು ತಾಗುತ್ತದೆ.

ಇದೇ ಎಚ್ಚರ ಬೂದುಗುಂಬಳಕ್ಕೂ ಬೇಕು. ಅದರ ಮೇಲಿನ ಬಿಳಿ ಬೂದಿ ಒಮ್ಮೆ ಅಳಿಸಿದರೆ ಮತ್ತೆ ಬರುವುದಿಲ್ಲ, ಬೆರಳಿನ ಗುರುತು ಪ್ರದರ್ಶನ ಮುಗಿಯುವವರೆಗೂ ಕಾಣುತ್ತದೆ; ತೊಟ್ಟನ್ನು ಉದ್ದವಾಗಿ ಬಿಟ್ಟು ಕೊಯ್ದು, ಅಡಿಗೆ ಕೈಯಿಟ್ಟು ಎತ್ತಿ, ಹುಲ್ಲಿನ ಮೆತ್ತೆಯ ಮೇಲೆ ಕೂರಿಸಬೇಕು. ಗೆಡ್ಡೆಗಳನ್ನು ಮಾತ್ರ ತೊಳೆಯಲೇಬೇಕು. ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್‌ಗಳನ್ನು ಕೀಳುವ ಹಿಂದಿನ ಸಂಜೆ ಮಡಿಗೆ ನೀರುಣಿಸಿದರೆ ತುದಿ ಮುರಿಯದೆ ಬರುತ್ತವೆ. ಅವನ್ನು ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಮೆತ್ತನೆಯ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಅಲ್ಲ, ಸುತ್ತಲೂ ಸವರಬೇಕು, ಉದ್ದಕ್ಕೆ ಎಳೆದರೆ ಮರಳಿನ ಕಣ ಗೀರು ಮಾಡುತ್ತದೆ. ಬ್ರಷ್ಷನ್ನು ಹತ್ತಿರ ತರಬಾರದು. ಕೋಸಿನ ಹೊರಗಿನ ಎರಡು ಮೂರು ಎಲೆಗಳನ್ನು ಉಳಿಸಿಕೊಳ್ಳಬೇಕು, ಹರಿವೆ, ಪಾಲಕ್, ಕೊತ್ತಂಬರಿಗಳನ್ನು ಬೇರು ಸಮೇತ ಕಿತ್ತು ಮಣ್ಣು ಹೋಗಿಸಿ ರಾತ್ರಿಯಿಡೀ ಬೇರು ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಬೇಕು. ಬದನೆಗೆ, ದೊಣ್ಣೆಮೆಣಸಿಗೆ ಕೊಬ್ಬರಿ ಎಣ್ಣೆ ಸವರಿ ಹೊಳಪು ತರಿಸುವವರನ್ನು ಕಂಡಿದ್ದೇನೆ. ಒಂದು ತಾಸು ಅದು ಚೆನ್ನಾಗಿಯೇ ಕಾಣುತ್ತದೆ, ಬಳಿಕ ಧೂಳನ್ನೆಲ್ಲ ಹಿಡಿದುಕೊಂಡು ಅಂಟಂಟಾಗುತ್ತದೆ. ತೀರ್ಪುಗಾರರ ಬೆರಳಿಗೆ ಎಣ್ಣೆ ತಾಗಿದರೆ ಆ ತಟ್ಟೆಯ ಕಥೆ ಅಲ್ಲಿಗೆ ಮುಗಿಯಿತು.

ಹಿಂದಿನ ಸಂಜೆಯೇ ಕೊಯ್ದು ಫ್ರಿಜ್ಜಿನಲ್ಲಿಟ್ಟು ನಿಶ್ಚಿಂತೆಯಾಗಿ ಮಲಗುವುದು ಸುಲಭ, ಆದರೆ ಬೆಂಡೆ, ಬದನೆ, ಸೌತೆಗಳಂಥ ಸೆಕೆಯ ಬೆಳೆಗಳು 10 ಡಿಗ್ರಿಗಿಂತ ಕೆಳಗಿನ ಚಳಿಯನ್ನು ತಾಳುವುದಿಲ್ಲ. ಹೆಚ್ಚು ಹೊತ್ತು ಇಟ್ಟವನ್ನು ಹೊರಗೆ ತೆಗೆದ ಮೇಲೆ ಮೈಮೇಲೆ ಸಣ್ಣ ಕುಳಿಗಳೂ ಕಂದು ಚುಕ್ಕೆಗಳೂ ಮೂಡುತ್ತವೆ. ಸಾಧ್ಯವಾದರೆ ಅದೇ ದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಕೊಯ್ಯಬೇಕು. ದೂರದ ಊರಾದರೆ ಒದ್ದೆ ಹಿಂಡಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಬಿದಿರ ಬುಟ್ಟಿಯಲ್ಲಿ, ಮನೆಯ ತಂಪು ಮೂಲೆಯಲ್ಲಿ ಇಟ್ಟುಕೊಳ್ಳಬಹುದು. ಅದರ ಬಳಿ ಹಣ್ಣಾಗುತ್ತಿರುವ ಬಾಳೆಗೊನೆ ಇರಕೂಡದು, ಬಾಳೆಹಣ್ಣು ಬಿಡುವ ಅನಿಲದಿಂದ ಸೌತೆ ಹಳದಿಯಾಗುತ್ತದೆ, ಬದನೆಯ ತೊಟ್ಟು ಸಡಿಲವಾಗುತ್ತದೆ. ಈ ಅವಸರ ಯಾವುದೂ ಇಲ್ಲದ ತರಕಾರಿ ಎಂದರೆ ಕರಾವಳಿಯ ಮಂಗಳೂರು ಸೌತೆ; ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ತೊಲೆಗೆ ತೂಗುಹಾಕಿದ ಕಾಯಿಗಳು ತಿಂಗಳುಗಟ್ಟಲೆ ಕೆಡದೆ ಇರುವುದರಿಂದ ಅವುಗಳಿಂದ ಸಾವಕಾಶವಾಗಿ ಆರಿಸಬಹುದು.

ಪ್ರಯಾಣದಲ್ಲಿ ಹಾಗಲಕಾಯಿ ಅತಿ ಸುಲಭವಾಗಿ ಹಾಳಾಗುವ ವಸ್ತು, ಅದರ ಮೈಮೇಲಿನ ಉಬ್ಬುಗಳು ಒಂದಕ್ಕೊಂದು ಉಜ್ಜಿ ಕಪ್ಪಾಗುತ್ತವೆ. ಒಂದೇ ಪದರಲ್ಲಿಟ್ಟು ನಡುನಡುವೆ ಬಾಳೆಎಲೆಯ ಪಟ್ಟಿ ಸೇರಿಸಬೇಕು. ಪ್ರತಿ ಬಗೆಯಲ್ಲೂ ಎರಡು ಮೂರು ಹೆಚ್ಚುವರಿ ಕಾಯಿಗಳನ್ನು ಒಯ್ದು, ಮೇಜಿಗೆ ಇಡುವ ಮುನ್ನ ಪೆಟ್ಟು ಬಿದ್ದದ್ದನ್ನು ಬದಲಿಸಿ, ಉಳಿದದ್ದನ್ನು ಚೀಲಕ್ಕೆ ಹಿಂದಿರುಗಿಸಬೇಕು. ತಟ್ಟೆಯಲ್ಲಿ ತೊಟ್ಟುಗಳೆಲ್ಲ ಒಂದೇ ದಿಕ್ಕಿಗೆ ಇರಲಿ. ಕೆಳಗೆ ಹಾಸುವ ಬಟ್ಟೆ ಅಥವಾ ಎಲೆ ಸಾದಾ ಆಗಿರಲಿ, ಹೂವು, ಜರಿ, ಬಣ್ಣದ ಕಾಗದಗಳಿಂದ ತರಕಾರಿಗೆ ಅಂಕ ಬರುವುದಿಲ್ಲ.

ಹೆಸರಿನ ಚೀಟಿಯಲ್ಲಿ ಬರಿದೇ ಬದನೆ ಎಂದು ಬರೆಯುವುದಕ್ಕಿಂತ ತಳಿಯ ಹೆಸರನ್ನು ಬರೆಯುವುದು ಲೇಸು, ಬರೆದ ಮೇಲೆ ಕಾಯಿ ಆ ಹೆಸರಿಗೆ ತಕ್ಕಂತಿರಬೇಕು. ಮಟ್ಟುಗುಳ್ಳ ಎಂದು ಬರೆದರೆ ತೀರ್ಪುಗಾರರು ತಿಳಿಹಸಿರು ಮೈಯ ಮೇಲೆ ಬಿಳಿ ಗೆರೆಗಳಿರುವ ಗುಂಡು ಕಾಯಿಯನ್ನು ನಿರೀಕ್ಷಿಸುತ್ತಾರೆ. ಆದರೆ ಉಡುಪಿಯ ಮಟ್ಟು ಗ್ರಾಮದ ಈ ಗುಳ್ಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇರುವುದರಿಂದ ಬೇರೆ ಊರಿನ ಹಿತ್ತಲಲ್ಲಿ ಬೆಳೆದದ್ದಕ್ಕೆ ಆ ಹೆಸರನ್ನು ಅಂಟಿಸುವ ಬದಲು ಗುಂಡು ಹಸಿರು ಬದನೆ ಎಂದು ಬರೆಯುವುದು ಮರ್ಯಾದೆ. ಮಾರುಕಟ್ಟೆಯ ಕಾಯಿಯನ್ನು ಮನೆಯದೆಂದು ಇಡುವವರ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಮೂಟೆಯಲ್ಲಿ ಪಯಣಿಸಿದ ಕಾಯಿಯ ಬಾಡಿದ ತೊಟ್ಟೇ ಅದನ್ನು ಹೇಳಿಬಿಡುತ್ತದೆ. ಕೀಟಕ್ಕೆ ಏನನ್ನಾದರೂ ಸಿಂಪಡಿಸಿದ್ದರೆ ಡಬ್ಬಿಯ ಮೇಲೆ ಬರೆದ ಕಾಯುವ ಅವಧಿ ಮುಗಿಯುವ ಮುನ್ನ ಕೊಯ್ಯಬಾರದು. ಪ್ರದರ್ಶನದ ಕಾಯಿಯನ್ನು ಕೊನೆಗೆ ಯಾರೋ ಒಬ್ಬರು ಮನೆಗೆ ಒಯ್ದು ಅಡುಗೆ ಮಾಡಿಯೇ ಮಾಡುತ್ತಾರೆ.

ಮುಂದಿನ ವರ್ಷಕ್ಕೂ ಸ್ಪರ್ಧೆಗೆ ನಿಲ್ಲುವ ಆಸೆ ಇದ್ದವರು ಅತ್ಯುತ್ತಮ ಗಿಡದ ಒಂದೆರಡು ಕಾಯಿಗಳನ್ನು ಮೊದಲೇ ದಾರ ಕಟ್ಟಿ ಗುರುತಿಸಿ, ಕೊಯ್ಯದೆ ಬೀಜಕ್ಕೆ ಬಿಡಬೇಕು. ಹೈಬ್ರಿಡ್ ಬೀಜದಿಂದ ಬಂದ ಗಿಡವಾದರೆ ಈ ಶ್ರಮ ವ್ಯರ್ಥ, ಅದರ ಮರಿಗಳು ತಾಯಿಯಂತೆ ಬರುವುದಿಲ್ಲ. ನಾಟಿ ಬೆಂಡೆಯ ಕಾಯಿ ಗಿಡದಲ್ಲೇ ಒಣಗಿ ಬಿರಿಯತೊಡಗಿದಾಗ, ಪಡವಲ ಕೆಂಪಾಗಿ ಮೆತ್ತಗಾದಾಗ ಬೀಜ ತೆಗೆದು, ಪಡವಲದ ಲೋಳೆಯನ್ನು ಬೂದಿಯಲ್ಲಿ ಉಜ್ಜಿ ಕಳೆದು, ನೆರಳಿನಲ್ಲಿ ಒಣಗಿಸಿ, ತಳಿಯ ಹೆಸರನ್ನೂ ಬಿಡಿಸಿದ ತಿಂಗಳನ್ನೂ ಬರೆದ ಕಾಗದದ ಪೊಟ್ಟಣದಲ್ಲಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಡಬೇಕು.