ಬೂಷ್ಟು ಹಿಡಿದದ್ದೆಲ್ಲ ಅಟ್ಟದಿಂದ ಇಳಿಯಿತು

ನಮ್ಮ ಮನೆ ಇರುವುದು ಕೊಪ್ಪದಿಂದ ಸ್ವಲ್ಪ ಒಳಗೆ, ತೋಟದ ನಡುವೆ. ಹಳೇ ಹೆಂಚಿನ ಮನೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಪುಷ್ಯ, ಆಶ್ಲೇಷ ಮಳೆಯಲ್ಲಂತೂ ಒಗೆದ ಬಟ್ಟೆಯನ್ನು ಬಚ್ಚಲ ಒಲೆಯ ಹತ್ತಿರ ಹರವಿಯೇ ಒಣಗಿಸಬೇಕು.

ನಾಲ್ಕು ವರ್ಷದ ಹಿಂದೆ ಉತ್ತರೆ ಮಳೆಯ ಹೊತ್ತಿಗೆ ಎರಡು ದಿನ ಒಳ್ಳೆ ಬಿಸಿಲು ಬಂತು. ನವರಾತ್ರಿ ಹತ್ತಿರ ಇತ್ತು. ಧೂಳು ತೆಗೆಯೋಣ ಅಂತ ಅಟ್ಟ ಹತ್ತಿದೆ. ಮೊದಲು ಕೈಗೆ ಸಿಕ್ಕಿದ್ದು ಒಂದು ಚರ್ಮದ ಬ್ಯಾಗು. ಮೈತುಂಬ ಬೂಷ್ಟು. ದೂರಕ್ಕೆ ಬಿಳಿ, ಹತ್ತಿರದಿಂದ ನೋಡಿದರೆ ತಿಳಿಹಸಿರು. ಬೆರಳಿಟ್ಟಲ್ಲಿ ಅಚ್ಚು ಮೂಡಿತು, ಪುಡಿ ಹಾರಿ ಮೂಗಿಗೆ ಹೋಯಿತು. ಒಳಗೆ ಮಗಳ ಶಾಲೆಯ ಎರಡು ಟೈ, ಒಂದು ಕೈವಾರ, ಖಾಲಿ ಜಾಮಿಟ್ರಿ ಬಾಕ್ಸು. ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿಯೇ ಮೂರು ವರ್ಷ ಆಗಿತ್ತು.

ಅಲ್ಲೇ ಕೂತು ಸುತ್ತ ನೋಡಿದೆ. ಹಳೇ ಬೆಲ್ಟು, ಚಪ್ಪಲಿ, ಬೆತ್ತದ ಬುಟ್ಟಿ, ಬಟ್ಟೆಗಂಟು, ಸೂಟ್‌ಕೇಸು, ಎಲ್ಲಕ್ಕೂ ಬೂಷ್ಟು. ಮೆಟ್ಟಿಲ ಪಕ್ಕದಲ್ಲೇ ಇದ್ದ ಮೊರ, ಜರಡಿಗೆ ಏನೂ ಆಗಿರಲಿಲ್ಲ. ಅವನ್ನು ವಾರಕ್ಕೆ ಎರಡು ಸಲವಾದರೂ ಇಳಿಸುತ್ತೇವೆ, ಬಳಸುತ್ತೇವೆ, ಒಲೆ ಹತ್ತಿರ ಇಡುತ್ತೇವೆ. ಯಾವುದನ್ನು ನಾವು ಮುಟ್ಟಿಯೇ ಇಲ್ಲ ಅನ್ನುವುದನ್ನು ಮಳೆಗಾಲವೇ ಗುರುತು ಹಾಕಿ ಇಟ್ಟಿತ್ತು.

ಅತ್ತೆ ಹೇಳುವ ಪ್ರಕಾರ ಅವರ ಕಾಲದಲ್ಲಿ ಅಟ್ಟದಲ್ಲಿ ಇಷ್ಟು ಬೂಷ್ಟು ಇರಲಿಲ್ಲ. ಆಗ ಅಡುಗೆಮನೆಯಲ್ಲಿ ಬೆಳಗಿಂದ ರಾತ್ರಿವರೆಗೆ ಸೌದೆ ಒಲೆ ಉರಿಯುತ್ತಿತ್ತು. ಬಿಸಿ, ಹೊಗೆ ಎರಡೂ ಮೇಲಕ್ಕೆ ಹೋಗಿ ಅಟ್ಟ ಬೆಚ್ಚಗೆ, ಒಣಗಿಕೊಂಡು ಇರುತ್ತಿತ್ತು. ಗ್ಯಾಸ್ ಬಂತು, ಹೊಗೆ ನಿಂತಿತು. ಸಾಮಾನು ಮಾತ್ರ ಏರುತ್ತಲೇ ಹೋಯಿತು. ಬೂಷ್ಟಿಗೆ ಬೇಕಾದದ್ದು ತೇವ, ಓಡಾಡದ ಗಾಳಿ, ತಿನ್ನಲು ಒಂದಿಷ್ಟು ಚರ್ಮ, ಹತ್ತಿ, ಕಾಗದ. ಮೂರನ್ನೂ ನಾವೇ ಒದಗಿಸಿದ್ದೆವು. ಅತ್ತೆಗೆ ಉಬ್ಬಸ ಇದೆ, ಮಳೆಗಾಲದಲ್ಲಿ ಜಾಸ್ತಿ. ಅವರು ಮಲಗುವುದು ಆ ಅಟ್ಟದ ಕೆಳಗಿನ ಕೋಣೆಯಲ್ಲಿ. ಇದು ಹೊಳೆದ ಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ.

ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೂಷ್ಟು ಹಿಡಿದದ್ದನ್ನೆಲ್ಲ ಅಂಗಳಕ್ಕೆ ಇಳಿಸಿದೆ. ಇಟ್ಟುಕೊಳ್ಳಲೇಬೇಕು ಅನ್ನಿಸಿದ್ದನ್ನು ಒರೆಸಿ, ಬಿಸಿಲಿಗೆ ಹಾಕಿ, ದಿನಾ ಕಾಣುವ ಜಾಗದಲ್ಲೇ ಇಡಬೇಕು. ವಾಪಸ್ ಅಟ್ಟಕ್ಕೆ ಹೋಗುವಂತಿಲ್ಲ. ಇಷ್ಟೇ ನಾನು ಹಾಕಿಕೊಂಡ ನಿಯಮ. ಕಾಣುವ ಜಾಗ ಮನೆಯಲ್ಲಿ ಸ್ವಲ್ಪವೇ ಇರುವುದರಿಂದ ತೀರ್ಮಾನ ಬೇಗ ಆಗುತ್ತದೆ.

ಮೊದಲ ದಿನವೇ ಒಂದು ದೊಡ್ಡ ತಪ್ಪು ಮಾಡಿದೆ. ಮೂಲೆಯಲ್ಲಿ ತುಕ್ಕು ಹಿಡಿದ ಆರು ಮೆಟ್ಟುಗತ್ತಿ ಇದ್ದವು. ಈಗ ಅಡಿಕೆ ಸುಲಿಯಲು ಮೆಷಿನ್ ಇದೆಯಲ್ಲ ಅಂದುಕೊಂಡು, ಗುಜರಿಯವರ ಗಾಡಿ ಬಂದಾಗ ಕೊಟ್ಟುಬಿಟ್ಟೆ. ಸಂಜೆ ಯಜಮಾನರು ಬಂದು ಕೇಳಿದರು. ಕೊಟ್ಟೆ ಅಂದೆ. ಏನೂ ಮಾತಾಡದೆ ಜಗಲಿಗೆ ಹೋಗಿ ಕೂತರು. ರಾತ್ರಿ ಊಟದ ಹೊತ್ತಿಗೆ ಹೇಳಿದರು, ಅದರಲ್ಲಿ ಒಂದು ಅಪ್ಪನದು, ಹಿಡಿ ಅವರೇ ಕೆತ್ತಿದ್ದು ಅಂತ. ಮರುದಿನ ವಿಚಾರಿಸಿದೆ, ಲೋಡು ಆಗಲೇ ಮುಂದಕ್ಕೆ ಹೋಗಿತ್ತು. ಈಗಲೂ ನೆನೆದರೆ ಸಂಕಟವಾಗುತ್ತದೆ. ಅಂದಿನಿಂದ ಇನ್ನೊಬ್ಬರ ಸಾಮಾನನ್ನು ಅವರನ್ನು ಕೇಳದೆ ಮುಟ್ಟಿಲ್ಲ. ನೀವು ಮಾಡಲು ಹೊರಟರೆ ದಯವಿಟ್ಟು ನಿಮ್ಮ ಕಪಾಟಿನಿಂದಲೇ ಶುರು ಮಾಡಿ.

ನನ್ನ ಕಪಾಟಿನಲ್ಲಿ ಇದ್ದದ್ದು ರವಿಕೆ ಕಣಗಳು. ಮದುವೆ, ಗೃಹಪ್ರವೇಶ, ಸೀಮಂತ, ಅರಿಶಿನ ಕುಂಕುಮ ಅಂತ ಹೋದಲ್ಲೆಲ್ಲ ತಾಂಬೂಲದ ಜೊತೆ ಕೊಟ್ಟವು. ಎಣಿಸಿದರೆ 83! ಮುಕ್ಕಾಲು ಪಾಲು ಹೊಲಿಸಿದರೆ ಮೈಗೆ ಹಿಡಿಸದಂಥ ತೆಳ್ಳನೆ ಬಟ್ಟೆ. ನಾವು ಮಾಡುವುದೇನು? ಬಂದ ಕಣವನ್ನು ಇನ್ನೊಬ್ಬರಿಗೆ ಕೊಡುತ್ತೇವೆ, ಅವರು ಮತ್ತೊಬ್ಬರಿಗೆ. ಮಡಿಕೆ ಕೂಡ ಬಿಚ್ಚದೆ ಊರು ಸುತ್ತುತ್ತಿರುತ್ತದೆ. ಒಂದು ಸಲ ನಾನು ಕೊಟ್ಟ ಕಣ, ನಾನೇ ಅಂಚಿನಲ್ಲಿ ಹಾಕಿದ್ದ ಪೆನ್ನಿನ ಗುರುತಿನ ಸಮೇತ, ಎರಡು ವರ್ಷದ ಮೇಲೆ ನನ್ನ ಮಡಿಲಿಗೇ ಬಂದಿತ್ತು.

ಹತ್ತಿಯ ಒಳ್ಳೆಯ ಹನ್ನೆರಡು ಇಟ್ಟುಕೊಂಡೆ. ಉಳಿದದ್ದನ್ನು ಊರಿನ ಟೈಲರ್ ಹತ್ತಿರ ಕೊಟ್ಟು ಎರಡೆರಡು ಜೋಡಿಸಿ ಚೀಲ ಹೊಲಿಸಿದೆ. ಸಂತೆಗೆ, ಅಂಗಡಿಗೆ ಅದೇ ಈಗ. ಬೇಕೆಂದವರಿಗೆಲ್ಲ ಹಂಚಿದೆ. ಮನೆಗೆ ಬರುವ ಪ್ಲಾಸ್ಟಿಕ್ ಕೊಟ್ಟೆಯೂ ಕಡಿಮೆಯಾಯಿತು. ಮೊದಲು ಕೊಟ್ಟೆಗಳನ್ನು ಬಚ್ಚಲ ಒಲೆಗೆ ಹಾಕುವ ಅಭ್ಯಾಸ ನಮ್ಮಲ್ಲೂ ಇತ್ತು. ಪ್ಲಾಸ್ಟಿಕ್ ಸುಟ್ಟ ಹೊಗೆ ವಿಷ, ಅದೂ ಉಬ್ಬಸದವರಿರುವ ಮನೆಯಲ್ಲಿ. ಅದನ್ನು ಪೂರ್ತಿ ನಿಲ್ಲಿಸಿದೆವು. ಈಗ ನಾನು ತಾಂಬೂಲಕ್ಕೆ ಎಲೆ, ಅಡಿಕೆ, ತೆಂಗಿನಕಾಯಿ, ನಮ್ಮದೇ ತೋಟದ ಕಾಳುಮೆಣಸಿನ ಸಣ್ಣ ಪೊಟ್ಟಣ ಇಡುತ್ತೇನೆ. "ಕಣ ಇಡದೆ ಹೇಗೇ ಕೊಡೋದು?" ಅಂತ ಅತ್ತೆ ಮೊದಲು ಬೇಜಾರು ಮಾಡಿಕೊಂಡಿದ್ದರು. ಬಂದವರು ಮೆಣಸನ್ನು ಮೂಸಿ ನೋಡಿ ಖುಷಿಪಟ್ಟಾಗ ಸುಮ್ಮನಾದರು.

ಕಾಗದಪತ್ರಕ್ಕೆ ಒಂದು ಭಾನುವಾರ ಸಾಕಾಯಿತು. ಕ್ರಯಪತ್ರ, ವಿಭಾಗಪತ್ರ, ಸರ್ವೆ ನಕ್ಷೆ ಒಂದು ಸ್ಟೀಲ್ ಡಬ್ಬಕ್ಕೆ ಹೋದವು. ವರ್ಷ ವರ್ಷ ತೆಗೆಸಿಟ್ಟ ಪಹಣಿ ನಕಲಿನ ಕಟ್ಟು ಬೇಕಾಗಲಿಲ್ಲ. ಬೇಕೆಂದಾಗ ಆನ್‌ಲೈನ್‌ನಲ್ಲೇ ಸಿಗುತ್ತದೆ.

ಕೊಟ್ಟಿಗೆಯ ಅಟ್ಟದಲ್ಲಿ ಸಿಕ್ಕಿದ್ದು ನೋಡಿ ಮಾತ್ರ ಹೆದರಿಕೆಯಾಯಿತು. ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಅರ್ಧ ತುಂಬಿದ ಡಬ್ಬ. ಸುಪ್ರೀಂ ಕೋರ್ಟ್ 2011ರಲ್ಲೇ ನಿಲ್ಲಿಸಿದ ಔಷಧಿ, ಹತ್ತು ವರ್ಷದ ಮೇಲೂ ದನದ ಹುಲ್ಲಿನ ಪಕ್ಕ ಕೂತಿತ್ತು. ಅದನ್ನು ಗುಜರಿಗೂ ಕೊಡುವಂತಿಲ್ಲ, ಹಳ್ಳಕ್ಕೂ ಸುರಿಯುವಂತಿಲ್ಲ. ಕೈಗವಸು ಹಾಕಿ, ಮುಚ್ಚಳ ಬಿಗಿ ಮಾಡಿ, ದನ, ಮಕ್ಕಳು ಹೋಗದ ಕಡೆ ಬೀಗ ಹಾಕಿಟ್ಟು, ಮುಂದೇನು ಮಾಡಬೇಕೆಂದು ಕೇಳಲು ಯಜಮಾನರು ರೈತ ಸಂಪರ್ಕ ಕೇಂದ್ರಕ್ಕೆ ಹೋದರು. ತೋಟ ಇರುವವರು ಇವತ್ತೇ ಒಂದು ಸಲ ಔಷಧಿ ಇಡುವ ಜಾಗ ನೋಡಿ.

ಅತ್ತೆಯ ತಾಮ್ರದ ಹಂಡೆ ಎರಡಿದ್ದವು. ನಾನು ಬಾಯಿಬಿಡಲಿಲ್ಲ. ಎರಡನೇ ವರ್ಷ ಅವರೇ ಕರೆದು, "ದೊಡ್ಡದನ್ನ ಬಚ್ಚಲಿಗೆ ಹೂಡಿಸು, ಸಣ್ಣದು ಮಗಳಿಗೆ ಹೋಗ್ಲಿ," ಅಂದರು. ಹುಣಸೆಹಣ್ಣು, ಉಪ್ಪು ಹಾಕಿ ಇಬ್ಬರೂ ಕೂತು ಉಜ್ಜಿದೆವು. ಕಪ್ಪು ಬಿಟ್ಟು ಕೆಂಪು ಕಾಣುತ್ತಾ ಬಂದ ಹಾಗೆ ಅವರು ತವರಿನ ಮಾತು ತೆಗೆದರು. ಹಂಡೆಯ ಜೊತೆ ಗಾಡಿಯಲ್ಲಿ ಈ ಮನೆಗೆ ಬಂದ ದಿನದ ಸುದ್ದಿ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅದನ್ನು ನಾನು ಕೇಳಿರಲೇ ಇಲ್ಲ.

ಈಗ ಅಟ್ಟದಲ್ಲಿ ಈ ತುದಿಯಿಂದ ಆ ತುದಿಗೆ ನೆಟ್ಟಗೆ ನಡೆಯಬಹುದು. ಎರಡು ಗಾಜಿನ ಹೆಂಚು ಹಾಕಿಸಿದ್ದೇವೆ, ಬೆಳಕು ಬೀಳುತ್ತದೆ. ಉತ್ತರೆ ಮಳೆಗೆ ಒಂದು ಸಲ ಹತ್ತಿ ನೋಡುವುದು ಪದ್ಧತಿಯಾಗಿದೆ. ಮಗನ ಎಂಜಿನಿಯರಿಂಗ್ ಪುಸ್ತಕದ ಎರಡು ಪೆಟ್ಟಿಗೆ ಇನ್ನೂ ಅಲ್ಲೇ ಇವೆ. ದೀಪಾವಳಿಗೆ ಬಂದಾಗ ನೋಡ್ತೀನಿ ಅಂದಿದ್ದಾನೆ.